ಪಾಪಪ್ಪನ ಕಾಟ

ಕರೆಯದೆ ಬರುವವರೆಲ್ಲರೂ ಒಂದೇ ಬಗೆಯವರಲ್ಲ. ತಿಥಿ ನೋಡದೆ ಬರುವವನೇ ಅತಿಥಿ ಎಂದು ಸಂಸ್ಕೃತದ ಮೇಷ್ಟರು ತರಗತಿಯಲ್ಲಿ ಪದವನ್ನು ಬಿಡಿಸಿ ಹೇಳಿದ್ದುಂಟು. ಅಂಥವನಿಗೆ ನಮ್ಮ ಹಿರಿಯರು ಕಾಲಿಗೆ ನೀರು ಕೊಟ್ಟರು, ಬಾಯಿಗೆ ಬೆಲ್ಲ ಕೊಟ್ಟರು, ಮಣೆ ಹಾಕಿ ಕೂರಿಸಿದರು. ಅವನಾದರೂ ಜಗಲಿಯ ಕೆಳಗೆ ನಿಂತು "ಯಾರಿದ್ದೀರಿ ಮನೇಲಿ?" ಎಂದು ಕೂಗಿ, ಒಳಗಿನಿಂದ "ಬನ್ನಿ" ಎಂಬ ಮಾತು ಬಂದ ಮೇಲೆಯೇ ಮೆಟ್ಟಿಲು ಹತ್ತುತ್ತಿದ್ದ. ನಾವು ಊಟಕ್ಕೆ ಕುಳಿತಿರುವ ಹೊತ್ತಿನಲ್ಲಿ ನೇರವಾಗಿ ಅಡುಗೆಮನೆಗೆ ನುಗ್ಗಿ, ಬಡಿಸಿದ ಎಲೆಯ ಮೇಲೆಯೇ ತನ್ನ ಗಂಟನ್ನು ಬಿಚ್ಚಿ, "ಮೊದಲು ಇದನ್ನು ಕೊಳ್ಳಿ, ಅನ್ನ ಆಮೇಲೆ ಉಂಡರಾಯಿತು" ಎನ್ನುವ ಧೈರ್ಯ ಯಾವ ಅತಿಥಿಗೂ ಇರಲಿಲ್ಲ. ಅಂಥ ಧೈರ್ಯವುಳ್ಳ ಪ್ರಾಣಿಯೊಂದು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಅದರ ವಾಸ ನಮ್ಮ ಅಂಗಿಯ ಜೇಬಿನಲ್ಲಿ. ಇಂಗ್ಲಿಷಿನವರು ಅದಕ್ಕೆ ಪಾಪ್‌ಅಪ್ ಎಂದು ಹೆಸರಿಟ್ಟರು. ನನ್ನ ಸೋದರತ್ತೆ ಇಟ್ಟ ಹೆಸರು ಪಾಪಪ್ಪ.

ಹೆಸರು ನನಗೆ ಹಿಡಿಸಿತು. ಪಾಪಣ್ಣ, ಪಾಪಯ್ಯ ಎಂಬವರು ನಮ್ಮ ಸೀಮೆಯ ಪ್ರತಿ ಊರಿನಲ್ಲೂ ಒಬ್ಬೊಬ್ಬರಾದರೂ ಇರುತ್ತಾರೆ. ಅವರ ಸಾಲಿನಲ್ಲಿ ಪಾಪಪ್ಪನೂ ಒಬ್ಬನಾಗಿ ಕೂರಬಲ್ಲ. "ಓದ್ತಾ ಇದ್ದೆ ಕಣೋ, ಅಷ್ಟರಲ್ಲಿ ಪಾಪಪ್ಪ ಬಂದ" ಎಂದು ಅತ್ತೆ ಹೇಳುವಾಗ, ತಲೆಗೆ ಟವೆಲು ಸುತ್ತಿ, ಕಂಕುಳಲ್ಲಿ ಚೀಲ ಇರುಕಿಕೊಂಡು, ಯಾರು ಬೇಡವೆಂದರೂ ಕದಲದೆ ನಿಂತಿರುವ ಒಬ್ಬ ಮನುಷ್ಯ ನನ್ನ ಕಣ್ಣಿಗೆ ಕಟ್ಟುತ್ತಾನೆ. ಪಾಪ್‌ಅಪ್ ಎಂದರೆ ಹಾಗೇನೂ ಕಾಣುವುದಿಲ್ಲ. ಆದಕಾರಣ ಈ ಲೇಖನದುದ್ದಕ್ಕೂ ಅತ್ತೆಯ ಮಾತನ್ನೇ ಬಳಸುತ್ತೇನೆ. ಭಾಷಾಶುದ್ಧಿಯ ಪಕ್ಷದ ವಾಚಕರು ಕ್ಷಮಿಸಬೇಕು.

ಅತ್ತೆ ಊರಿನಲ್ಲಿ ಒಬ್ಬರೇ ಇದ್ದಾರೆ. ಮಗ, ಅಂದರೆ ನನ್ನ ಭಾವ, ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ. ರಾತ್ರಿ ಎಂಟಾಯಿತೆಂದರೆ ತಾಯಿ ಮಗ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವುದು ಮೂರು ವರ್ಷದಿಂದ ತಪ್ಪಿರಲಿಲ್ಲ. ಮಾತಿನ ವಿಷಯವಾದರೂ ಏನು? ಹಸು ಎಷ್ಟು ಹಾಲು ಕೊಟ್ಟಿತು, ಅಲ್ಲಿ ಮಳೆ ಬಂತೇ, ಸೊಸೆ ರೊಟ್ಟಿ ತಟ್ಟುವುದನ್ನು ಕಲಿತಳೇ, ಇಷ್ಟೇ. ಕಳೆದ ವರ್ಷ ಒಂದು ದಿನ ಅತ್ತೆ ಏಕಾದಶಿ ಯಾವತ್ತೆಂದು ತಿಳಿಯಲು ಫೋನಿನಲ್ಲಿ ಪಂಚಾಂಗದ ಪುಟವೊಂದನ್ನು ತೆರೆದರಂತೆ. ಕೂಡಲೇ ಫೋನು ಗುರ್ರೆಂದು ಅದುರಿತು. ಪರದೆಯೆಲ್ಲ ಕೆಂಪಾಯಿತು. ಅವರ ಫೋನಿನ ಕಂಪನಿಯ ಹೆಸರನ್ನೇ ಹಿಡಿದು ಕೂಗಿ, ಅದಕ್ಕೆ 4 ವೈರಸ್ ಹತ್ತಿವೆಯೆಂದೂ, ಎರಡು ನಿಮಿಷದೊಳಗೆ ಕೆಳಗಿನ ಗುಂಡಿಯನ್ನು ಒತ್ತದಿದ್ದರೆ ಒಳಗಿರುವ ಚಿತ್ರಗಳೂ ಹೆಸರುಗಳೂ ನಾಶವಾಗುವುವೆಂದೂ ಕನ್ನಡದಲ್ಲಿಯೇ ಬರೆದಿತ್ತು. ಕನ್ನಡವೇನೋ ಕೆಟ್ಟದಾಗಿತ್ತು, ಆದರೆ ಹೆದರಿದವರು ವ್ಯಾಕರಣ ನೋಡುವುದಿಲ್ಲ. ಮೇಲ್ಗಡೆ ಗಡಿಯಾರವೊಂದು ಸೆಕೆಂಡುಗಳನ್ನು ಹಿಂದಕ್ಕೆ ಎಣಿಸುತ್ತಿತ್ತು.

ಅತ್ತೆ ಗುಂಡಿಯನ್ನು ಒತ್ತಲಿಲ್ಲ. ಫೋನಿನ ಪ್ರಾಣವನ್ನೇ ಆರಿಸಿ, ಒಂದು ಒಗೆದ ಬಟ್ಟೆಯಲ್ಲಿ ಸುತ್ತಿ, ಅಕ್ಕಿಯ ಡಬ್ಬಿಯ ಹಿಂದೆ ಇಟ್ಟರು. ವೈರಸ್ ಎಂಬ ಮಾತು 2020ರಿಂದೀಚೆಗೆ ನಮ್ಮ ಮುದುಕರಿಗೆ ಯಾವ ಅರ್ಥವನ್ನು ಕೊಡುತ್ತದೆಯೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮುಟ್ಟಿದರೆ ಹರಡುತ್ತದೆ ಎಂದು ಅವರು ನಂಬಿದ್ದರು. ಹೀಗೆ ಒಂಬತ್ತು ದಿನ ಕಳೆಯಿತು. ಅಡುಗೆ ಅನಿಲದ ಸಿಲಿಂಡರು ತಂದ ಹುಡುಗ ಫೋನಿಗೆ ಬಂದ ಸಂಖ್ಯೆಯನ್ನು ಕೇಳಿದ. ಫೋನೇ ಇಲ್ಲವೆಂದಾಗ ಸಿಲಿಂಡರನ್ನು ಮತ್ತೆ ಬಂಡಿಗೇರಿಸಿಕೊಂಡು ಹೋದ. ಪುಣೆಯಿಂದ ಭಾವ ಪಕ್ಕದ ಮನೆಗೆ ಫೋನು ಮಾಡಿ ತಾಯಿ ಕ್ಷೇಮವೆಂದು ತಿಳಿದರು. ಆದರೂ ಮುಖ ಕಾಣದೆ ಸಮಾಧಾನವಾಗದು. ಕೊನೆಗೆ ನನಗೆ ಅಪ್ಪಣೆಯಾಯಿತು: "ಭಾನುವಾರ ಹೋಗಿ ನೋಡಿಕೊಂಡು ಬಾ, ಅಮ್ಮ ಫೋನಿಗೆ ಮೈಲಿಗೆ ಮಾಡಿದ್ದಾರೆ."

ನಾನು ಹೋದೆ. ಡಬ್ಬಿಯ ಹಿಂದಿನಿಂದ ಫೋನನ್ನು ತೆಗೆದಾಗ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. "ಕೈ ತೊಳ್ಕೋ ಆಮೇಲೆ" ಎಂದರು.

ಅವರಿಗೆ ನಾನು ಮೊದಲು ಹೇಳಿದ ಮಾತು ಇದು: ನಾವು ಓದಲು ತೆರೆದ ಒಂದು ಪುಟಕ್ಕೆ ನಮ್ಮ ಫೋನಿನ ಹೊಟ್ಟೆಯೊಳಗೆ ಹೊಕ್ಕು ವೈರಸ್ ಹುಡುಕುವ ಶಕ್ತಿಯೇ ಇಲ್ಲ. ಬ್ರೌಸರು ಅದನ್ನು ಹೊರಗಿನ ಅಂಗಳದಲ್ಲಿಯೇ ನಿಲ್ಲಿಸಿರುತ್ತದೆ. ಹಾಗಾದರೆ ಫೋನಿನ ಹೆಸರು ಅದಕ್ಕೆ ತಿಳಿದದ್ದು ಹೇಗೆ? ಪುಟವನ್ನು ಕೇಳುವಾಗ, ಅಥವಾ ಪುಟವೇ ಕೇಳಿದಾಗ, ಬ್ರೌಸರು ತಾನು ಯಾವ ಬಗೆಯ ಫೋನಿನಲ್ಲಿದ್ದೇನೆಂಬ ವಿವರವನ್ನು ಕೊಡುವುದು ವಾಡಿಕೆ. ಪರದೆಗೆ ತಕ್ಕಂತೆ ಪುಟವನ್ನು ಹೊಂದಿಸಲು ಅದು ಬೇಕು. ಬಸ್ಸಿನಲ್ಲಿ ಚೀಲದ ಮೇಲಿನ ಹೆಸರನ್ನು ಓದಿಕೊಂಡು "ಏನು ಸಾವಿತ್ರಮ್ಮನೋರೇ, ಗುರುತು ಸಿಕ್ಕಲಿಲ್ಲವೇ?" ಎನ್ನುವ ಕಳ್ಳನ ವಿದ್ಯೆಯೇ ಇದು. ಗಡಿಯಾರವೂ ಅಷ್ಟೆ. ಅದು ಸೊನ್ನೆಗೆ ಬಂದರೆ ಏನಾಗುತ್ತದೆ ನೋಡೋಣವೆಂದು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾದೆವು. ಸೊನ್ನೆಯಾಯಿತು. ಏನೂ ಆಗಲಿಲ್ಲ. ಗಡಿಯಾರ ನಾಚಿಕೆಯಿಲ್ಲದೆ ಮತ್ತೆ ಎರಡು ನಿಮಿಷದಿಂದ ಆರಂಭಿಸಿತು. ಅತ್ತೆ ಅಂದು ಮೊದಲ ಬಾರಿಗೆ ನಕ್ಕರು.

ಇಂಥ ಪುಟ ಎದುರಾದರೆ ಅದರೊಳಗಿನ ಯಾವ ಗುಂಡಿಯನ್ನೂ, ಮೂಲೆಯ ಗುಣಾಕಾರದ ಚಿಹ್ನೆಯನ್ನು ಕೂಡ, ಮುಟ್ಟಬಾರದು. ಆ ಗುಣಾಕಾರವೂ ಪಾಪಪ್ಪನೇ ಬರೆದ ಚಿತ್ರ. ಅದನ್ನು ಒತ್ತಿದರೆ ಹೊರಗೆ ಹೋಗುವ ಬದಲು ಇನ್ನೊಂದು ಕೋಣೆಗೆ ಬೀಳುತ್ತೇವೆ. ಬ್ರೌಸರಿನದೇ ಆದ ಚೌಕವೊಂದು ಅಂಚಿನಲ್ಲಿರುತ್ತದೆ, ಒಳಗೆ ಒಂದು ಅಂಕಿ ಇರುತ್ತದೆ. ಅದನ್ನು ಒತ್ತಿದರೆ ತೆರೆದ ಪುಟಗಳೆಲ್ಲ ಇಸ್ಪೀಟೆಲೆಗಳಂತೆ ಹರಡಿಕೊಳ್ಳುತ್ತವೆ. ಬೇಡವಾದುದನ್ನು ಅಲ್ಲಿ ಬದಿಗೆ ತಳ್ಳಿದರೆ ಮುಗಿಯಿತು.

ಇನ್ನು ಪಾಪಪ್ಪನ ಜಾತಕದ ವಿಚಾರ. ಇವನ ಜನನ ಅಮೆರಿಕದಲ್ಲಿ, 1990ರ ದಶಕದ ಕೊನೆಯ ಭಾಗದಲ್ಲಿ. ನೆಟ್‌ಸ್ಕೇಪ್ ಎಂಬ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು 1995ರಲ್ಲಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ರಚಿಸಿದರು. ಪುಟವು ಸುಮ್ಮನೆ ಬಿದ್ದಿರದೆ ಕೆಲಸ ಮಾಡುವಂತಾದದ್ದು ಅದರಿಂದ. ಹೊಸದೊಂದು ಕಿಟಕಿಯನ್ನು ತೆರೆ ಎಂಬ ಆಜ್ಞೆಯೂ ಅದರಲ್ಲಿತ್ತು. ಆಜ್ಞೆಯಲ್ಲಿ ದೋಷವಿರಲಿಲ್ಲ. ಟ್ರೈಪಾಡ್ ಎಂಬ ಸಂಸ್ಥೆ ಜನರಿಗೆ ತಮ್ಮ ತಮ್ಮ ಪುಟಗಳನ್ನು ಬರೆದುಕೊಳ್ಳಲು ಪುಕ್ಕಟೆಯಾಗಿ ಜಾಗ ಕೊಡುತ್ತಿತ್ತು, ಜಾಹೀರಾತಿನಿಂದ ಹೊಟ್ಟೆ ಹೊರೆದುಕೊಳ್ಳುತ್ತಿತ್ತು. ಒಂದು ಕಾರಿನ ಕಂಪನಿಯವರು ತಮ್ಮ ಜಾಹೀರಾತು ಯಾರೋ ಬರೆದ ಅಶ್ಲೀಲ ಪುಟದ ಮೇಲೆ ಕಾಣಿಸಿಕೊಂಡಿತೆಂದು ಕೆರಳಿದರು. ಪುಟಕ್ಕೂ ಜಾಹೀರಾತಿಗೂ ಸಂಬಂಧವಿಲ್ಲವೆಂದು ತೋರಿಸಬೇಕಲ್ಲ? ಅಲ್ಲಿದ್ದ ಈಥನ್ ಜುಕರ್‌ಮನ್ ಎಂಬವರು ಜಾಹೀರಾತನ್ನು ಬೇರೆಯೇ ಒಂದು ಕಿಟಕಿಯಲ್ಲಿ ತೆರೆಯುವ ಉಪಾಯವನ್ನು ಬರೆದರು. (ಫೇಸ್‌ಬುಕ್ಕಿನ ಜುಕರ್‌ಬರ್ಗ್ ಬೇರೆ, ಈತ ಬೇರೆ.) ಮಡಿಯವರನ್ನೂ ಮೈಲಿಗೆಯವರನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸುವ ಏರ್ಪಾಟು ಎನ್ನಿ. 2014ರಲ್ಲಿ ಇದೇ ಜುಕರ್‌ಮನ್ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ದೀರ್ಘ ಲೇಖನವೊಂದನ್ನು ಬರೆದು, ತಮ್ಮ ಉದ್ದೇಶ ಒಳ್ಳೆಯದೇ ಆಗಿತ್ತೆಂದು ಹೇಳಿ, ಲೋಕದ ಕ್ಷಮೆಯನ್ನು ಕೇಳಿಕೊಂಡರು. ಬಹಿರಂಗವಾಗಿ ಕ್ಷಮೆ ಕೇಳಿದ ಯಂತ್ರಶಿಲ್ಪಿಗಳು ವಿರಳ. ಅದಕ್ಕಾಗಿ ನನಗೆ ಅವರ ಮೇಲೆ ಗೌರವವುಂಟು.

ಆದರೆ ಹುಟ್ಟಿದ ಕೂಸು ಅಪ್ಪನ ಮಾತು ಕೇಳಲಿಲ್ಲ. 2001ರ ಸುಮಾರಿಗೆ ಎಕ್ಸ್-10 ಎಂಬ ಕಂಪನಿ ತನ್ನ ಪುಟ್ಟ ಕ್ಯಾಮೆರಾಗಳ ಜಾಹೀರಾತನ್ನು ಓದುವ ಕಿಟಕಿಯ ಮುಂದೆ ಅಲ್ಲ, ಹಿಂದೆ ತೆರೆದಿಡುವ ಚಾಳಿಯಿಂದ ಕುಪ್ರಸಿದ್ಧವಾಯಿತು. ಓದು ಮುಗಿಸಿ ಕಿಟಕಿ ಮುಚ್ಚಿದರೆ ಹಿಂದೆ ಪಾಪಪ್ಪ ಕೈಕಟ್ಟಿ ಕಾದು ನಿಂತಿರುತ್ತಿದ್ದ! ಜನ ರೋಸಿದರು. ಒಪೆರಾ, ಮೊಜಿಲಾ ಮುಂತಾದ ಸಣ್ಣ ಬ್ರೌಸರುಗಳು ಮೊದಲು ಬಾಗಿಲಿಗೆ ಕಾವಲು ಹಾಕಿದವು. ಲೋಕದ ಬಹುಭಾಗದ ಗಣಕಗಳಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಆ ಬುದ್ಧಿ ಬಂದದ್ದು 2004ರಲ್ಲಿ, ವಿಂಡೋಸ್ ಎಕ್ಸ್‌ಪಿಯ ಎರಡನೆಯ ದುರಸ್ತಿಯ ಕಾಲಕ್ಕೆ. ಇಂದು ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ಬ್ರೌಸರುಗಳಲ್ಲೆಲ್ಲ ಈ ಕಾವಲುಗಾರ ಹುಟ್ಟಿನಿಂದಲೇ ಇದ್ದಾನೆ. ನಾವು ನೇಮಿಸಿಕೊಳ್ಳಬೇಕಾಗಿಯೇ ಇಲ್ಲ.

ಈ ಕಾವಲುಗಾರನ ಕಾನೂನು ಬಹಳ ಸರಳ. ಓದುವವನ ಬೆರಳು ಸೋಕಿದ ಕಾರಣದಿಂದ ಕಿಟಕಿ ತೆರೆಯಿತೋ, ಬಿಡು. ಬೆರಳು ಸೋಕದೆ ತಾನಾಗಿ ತೆರೆಯಹೊರಟಿತೋ, ತಡೆ. ಇಷ್ಟೇ. ಕಳ್ಳ ಯಾರು, ನೆಂಟ ಯಾರು ಎಂದು ಅವನು ವಿಚಾರಿಸುವುದಿಲ್ಲ. ಒಳಗಿನವರು ಕರೆದರೇ ಎಂಬುದೊಂದೇ ಅವನ ಪ್ರಶ್ನೆ. ಪಾಪಪ್ಪನ ಕಡೆಯವರು ಇದನ್ನು ಅರಿತು ಉಪಾಯ ಹೂಡಿದರು. ಪುಟದ ಮೇಲೆ ಕಣ್ಣಿಗೆ ಕಾಣದ ಗಾಜಿನಂಥ ಹಾಳೆಯೊಂದನ್ನು ಹಾಸುತ್ತಾರೆ. ನಾವು ಮುಂದಿನ ಸಾಲು ಓದಲು ಬೆರಳಿಟ್ಟರೂ ಸಾಕು, ಸೋಕಿದಂತಾಯಿತು. ಕಾವಲುಗಾರ ಬಾಗಿಲು ಬಿಟ್ಟ. ಸಿನಿಮಾ, ಕ್ರಿಕೆಟ್ಟು ಪುಕ್ಕಟೆ ತೋರಿಸುತ್ತೇವೆನ್ನುವ ಪುಟಗಳಲ್ಲಿ ಮೊದಲ ಎರಡು ಮೂರು ಒತ್ತುಗಳು ಯಾವಾಗಲೂ ಪಾಪಪ್ಪನಿಗೇ ಸಲ್ಲುತ್ತವೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಇದನ್ನು ದೇವರಿಗೆ ಮುಡಿಪು ಎನ್ನುವುದು ವಾಡಿಕೆ.

ಅತ್ತೆಯ ಫೋನಿಗೆ ಮರಳುತ್ತೇನೆ. ಕ್ರೋಮ್ ಬ್ರೌಸರಿನ ಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಚುಕ್ಕಿಗಳಿರುತ್ತವೆ. ("ರಂಗೋಲಿ ಅರ್ಧಕ್ಕೇ ಬಿಟ್ಟಿದಾರೆ" ಎಂದರು ಅತ್ತೆ.) ಅವನ್ನು ಒತ್ತಿ ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ಪಾಪ್‌ಅಪ್ ಮತ್ತು ಮರುನಿರ್ದೇಶನ ಎಂಬ ಸಾಲು. ಅಲ್ಲಿರುವ ಕೀಲಿ ತಡೆಯುವ ಕಡೆಗೆ ತಿರುಗಿರಬೇಕು. ಐಫೋನಿನವರಾದರೆ ಫೋನಿನ ಸೆಟ್ಟಿಂಗ್ಸಿನಲ್ಲಿಯೇ ಸಫಾರಿಯನ್ನು ಹುಡುಕಿ ಪಾಪ್‌ಅಪ್ ತಡೆಯ ಕೀಲಿಯನ್ನು ನೋಡಬೇಕು. 2024ರ ಹದಿನೆಂಟನೆಯ ಆವೃತ್ತಿಯಿಂದ ಸಫಾರಿಯನ್ನು ಆ್ಯಪ್ಸ್ ಎಂಬ ಒಳಕೋಣೆಗೆ ಸಾಗಿಸಿದ್ದಾರೆ. ನಾನು ದೊಡ್ಡ ವೈದ್ಯನ ಗಾಂಭೀರ್ಯದಿಂದ ಅತ್ತೆಯ ಫೋನಿನಲ್ಲಿ ಆ ಸಾಲಿನವರೆಗೆ ಹೋದೆ. ನೋಡಿದರೆ ಕೀಲಿ ಮೊದಲಿನಿಂದಲೂ ತಡೆಯುವ ಕಡೆಗೇ ಇದೆ! ಕಾವಲುಗಾರ ಎಚ್ಚರವಾಗಿಯೇ ಇದ್ದ. ಹಾಗಾದರೆ ಪಾಪಪ್ಪ ಎಲ್ಲಿಂದ ಬಂದ?

ಇಲ್ಲಿಯೇ ವಿಷಯದ ಗಂಟಿರುವುದು. ನಾವು ಸಾಮಾನ್ಯವಾಗಿ ಪಾಪ್‌ಅಪ್ ಎಂದು ಬೈಯುವವರಲ್ಲಿ ಬಹುಮಂದಿ ಕಿಟಕಿ ತೆರೆದುಕೊಂಡು ಬಂದವರೇ ಅಲ್ಲ. "ನಮ್ಮ ಪತ್ರಿಕೆಗೆ ಚಂದಾದಾರರಾಗಿ", "ನಮ್ಮ ಆ್ಯಪ್ ಹಾಕಿಕೊಳ್ಳಿ" ಎಂದು ಪುಟದ ಮೇಲೆ ಕವುಚಿಕೊಳ್ಳುವ ಚೌಕವಿದೆಯಲ್ಲ, ಅದು ಬೇರೆ ಕಿಟಕಿಯಲ್ಲ. ಅದೇ ಪುಟದ ಒಂದು ತುಂಡು, ಉಳಿದ ತುಂಡಿನ ಮೇಲೆ ಎದ್ದು ಕುಳಿತಿದೆ. ಮನೆಯ ಯಜಮಾನನೇ ಊಟದ ಮಧ್ಯೆ ಎದ್ದು ಚೀಟಿ ವ್ಯಾಪಾರದ ಮಾತೆತ್ತಿದರೆ ಕಾವಲುಗಾರ ಏನು ಮಾಡಿಯಾನು? ಅದನ್ನು ಹೋಗಲಾಡಿಸಲು ಜಾಹೀರಾತು ತಡೆಯುವ ಬೇರೆ ಸಾಧನಗಳು ಬೇಕು, ಅಥವಾ ಕ್ರೋಮಿನಲ್ಲಿಯೂ ಸಫಾರಿಯಲ್ಲಿಯೂ ಇರುವ ಸರಳ ಓದಿನ ನೋಟ ಬೇಕು. ಅತ್ತೆಯ ಕೆಂಪು ಪುಟವಾದರೋ ಇನ್ನೊಂದು ಬಗೆ. ಅದು ಕಿಟಕಿಯನ್ನೂ ತೆರೆದಿರಲಿಲ್ಲ, ಕವುಚಿಕೊಂಡೂ ಇರಲಿಲ್ಲ. ಪಂಚಾಂಗದ ಪುಟವನ್ನೇ ಸದ್ದಿಲ್ಲದೆ ಹೊರಕ್ಕೆ ತಳ್ಳಿ ಆ ಜಾಗದಲ್ಲಿ ತಾನು ಕುಳಿತಿತ್ತು. ಮರುನಿರ್ದೇಶನವೆಂದರೆ ಇದೇ. ಪಂಚಾಂಗದವರಿಗೆ ಇದು ಗೊತ್ತೇ ಇರಲಿಕ್ಕಿಲ್ಲ. ಜಾಹೀರಾತಿಗೆಂದು ಅವರು ಬಾಡಿಗೆಗೆ ಬಿಟ್ಟ ಮೂಲೆಯಲ್ಲಿ ಎಲ್ಲಿಯದೋ ಏಜೆಂಟ, ಅವನ ಏಜೆಂಟ, ಅವನ ಏಜೆಂಟ ತಂದು ಸುರಿದ ಸರಕದು. 2018ರಿಂದ ಕ್ರೋಮ್ ಇಂಥ ತಳ್ಳಾಟವನ್ನೂ ಬಹುಮಟ್ಟಿಗೆ ತಡೆಯುತ್ತದೆ. ಆದರೂ ಬೆರಳು ಎಲ್ಲಾದರೂ ಸೋಕಿದರೆ ಮತ್ತೆ ಅದೇ ಕಥೆ.

ಅತ್ತೆ ಇನ್ನೊಂದು ದೂರನ್ನು ಮೆಲ್ಲಗೆ ಹೇಳಿದರು. ಪಂಚಾಂಗ ತೆರೆಯದಿದ್ದರೂ, ಬ್ರೌಸರನ್ನೇ ಮುಟ್ಟದಿದ್ದರೂ, ನಡುರಾತ್ರಿಯಲ್ಲಿ ಟಿಣ್ ಎಂದು ಸದ್ದಾಗಿ, "ನಿಮ್ಮ ಖಾತೆಗೆ ಹಣ ಬಂದಿದೆ", "ನಿಮ್ಮ ಫೋನು ಅಪಾಯದಲ್ಲಿದೆ" ಎಂಬ ಒಕ್ಕಣೆಗಳು ಬರುತ್ತಿದ್ದವಂತೆ. ಇವನೇ ಪಾಪಪ್ಪನ ಕಿರಿಯ ತಮ್ಮ, ಅಣ್ಣನಿಗಿಂತ ಚತುರ. ಯಾವುದೋ ಪುಟ ತೆರೆದಾಗ "ಈ ಸೈಟು ನಿಮಗೆ ಅಧಿಸೂಚನೆ ಕಳಿಸಬಯಸುತ್ತದೆ" ಎಂಬ ಪ್ರಶ್ನೆ ಬಂದಿರುತ್ತದೆ. ಪ್ರಶ್ನೆ ಕೇಳುವವನು ಬ್ರೌಸರು, ಸಭ್ಯ. ಆದರೆ ಅದರ ಹಿಂದೆ ಪುಟದಲ್ಲಿ "ನೀವು ಯಂತ್ರವಲ್ಲ, ಮನುಷ್ಯರೆಂದು ತೋರಿಸಲು ಅನುಮತಿಸಿ ಎಂಬುದನ್ನು ಒತ್ತಿ" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ತಾನು ಮನುಷ್ಯಳೆಂದು ತೋರಿಸಲು ಯಾರಿಗೆ ತಾನೆ ಸಂಕೋಚ? ಅತ್ತೆ ಪ್ರಾಮಾಣಿಕವಾಗಿ ಒತ್ತಿದ್ದರು. ಒಮ್ಮೆ ಒತ್ತಿದರೆ ಅವನಿಗೆ ಕಿಟಕಿಯೂ ಬೇಡ, ಬಾಗಿಲೂ ಬೇಡ. ಸರಿರಾತ್ರಿಯಲ್ಲಿ ಛಾವಣಿಯಿಂದಲೇ ಇಳಿಯಬಲ್ಲ. ಸೈಟ್ ಸೆಟ್ಟಿಂಗ್ಸಿನಲ್ಲಿಯೇ ಅಧಿಸೂಚನೆ ಎಂಬ ಸಾಲಿದೆ. ತೆರೆದೆ. ಅನುಮತಿ ಪಡೆದವರ ಪಟ್ಟಿಯಲ್ಲಿ 14 ಹೆಸರು. ಒಂದನ್ನಾದರೂ ಅತ್ತೆ ಕೇಳಿರಲಿಲ್ಲ. ಉಚ್ಚರಿಸಲೂ ಬಾರದಂಥ ಹೆಸರುಗಳು. ಒಂದೊಂದನ್ನೇ ಓದಿ ಹೇಳಿ, ಅತ್ತೆ "ಹೂಂ, ತೆಗಿ" ಎಂದ ಮೇಲೆ ತೆಗೆದೆ. ಹದಿನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅವರ ಕಂಠದಲ್ಲಿ ಶ್ಯಾನುಭೋಗರ ದರ್ಪ ಬಂದಿತ್ತು. ಆ ರಾತ್ರಿ ಎಂಟಕ್ಕೆ ಪುಣೆಯಿಂದ ಕರೆ ಬಂತು. ತಾಯಿ ಮಗ ಹಸುವಿನ ವಿಚಾರದಿಂದಲೇ ಆರಂಭಿಸಿದರು. ಒಂಬತ್ತು ದಿನದ ಹಾಲಿನ ಲೆಕ್ಕ ಬಾಕಿಯಿತ್ತಲ್ಲ.

ಇಷ್ಟು ಹೇಳಿದ ಮೇಲೆ ಕಾವಲುಗಾರನ ಪಕ್ಷದಲ್ಲಿ ನಾನು ಪೂರ್ತಿ ನಿಂತಿದ್ದೇನೆಂದು ಯಾರೂ ತಿಳಿಯಬಾರದು. ಅವನಿಂದಲೂ ಅನಾಹುತವುಂಟು.

ನನ್ನ ಕೋಣೆಯ ಗೆಳೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿದ್ದ. ಅಂದೇ ಕಡೆಯ ದಿನ, ರಾತ್ರಿ ಹನ್ನೊಂದು ದಾಟಿತ್ತು. ಜಾತಿ, ಆದಾಯದ ಪ್ರಮಾಣಪತ್ರಗಳ ಸಂಖ್ಯೆ, ಅಪ್ಪನ ಹೆಸರು, ಆಧಾರ್, ಬ್ಯಾಂಕಿನ ಖಾತೆ ಎಲ್ಲವನ್ನೂ ತುಂಬಿ, ಸಲ್ಲಿಸು ಎಂದು ಒತ್ತಿದ. ಸಣ್ಣ ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು. ಏನೂ ಬರಲಿಲ್ಲ. ಮತ್ತೆ ಒತ್ತಿದ. ಮತ್ತೆ ಚಕ್ರ, ಮತ್ತೆ ಮೌನ. ಸ್ವೀಕೃತಿ ಪತ್ರ ಅಚ್ಚಾಗದಿದ್ದರೆ ಕಾಲೇಜಿನ ಕಛೇರಿಯಲ್ಲಿ ಅರ್ಜಿ ಹಾಕಿದಂತೆಯೇ ಅಲ್ಲ. ಅವನ ಅಪ್ಪ ಕಲ್ಲು ಗಣಿಯಲ್ಲಿ ಕೂಲಿ. ಮುಂದಿನ ವರ್ಷ ಇವನು ನಮ್ಮೊಂದಿಗೆ ಇರುವುದೂ ಇಲ್ಲದಿರುವುದೂ ಆ ಹಣದ ಮೇಲೆ ನಿಂತಿತ್ತು. ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ಪೇಟೆಯಲ್ಲಿ ಸೈಬರ್ ಅಂಗಡಿಗಳು ಮುಚ್ಚಿ ಎಷ್ಟೋ ಹೊತ್ತಾಗಿತ್ತು.

ಪುಟದ ಅಂಚಿನಲ್ಲಿ ಒಂದು ಸಣ್ಣ ಸಾಲು ಮಿಂಚಿ ಮಾಯವಾಗುವುದನ್ನು ಮೂರನೆಯ ಸಲಕ್ಕೆ ನಾವು ಕಂಡೆವು. ಪಾಪ್‌ಅಪ್ ತಡೆಯಲಾಗಿದೆ! ಸ್ವೀಕೃತಿ ಪತ್ರವನ್ನು ಆ ಸೈಟಿನವರು ಹೊಸ ಕಿಟಕಿಯಲ್ಲಿ ತೆರೆಯುವ ಹಾಗೆ ಬರೆದಿದ್ದರು. ಆದರೆ ನನ್ನ ಗೆಳೆಯ ಬೆರಳಿಟ್ಟೇ ಒತ್ತಿದ್ದನಲ್ಲ, ಕಾವಲುಗಾರನ ಕಾನೂನಿನ ಪ್ರಕಾರ ಬಿಡಬೇಕಿತ್ತಲ್ಲ ಎಂದು ವಾಚಕರು ಕೇಳಬಹುದು. ಅದಕ್ಕೊಂದು ಉಪನಿಯಮವುಂಟು. ಬೆರಳು ಸೋಕಿದ್ದರ ಪುಣ್ಯ ಕೆಲವೇ ಸೆಕೆಂಡು ಉಳಿಯುತ್ತದೆ. ಪುಟವು ಮೊದಲು ದೂರದ ಗಣಕಕ್ಕೆ ಅರ್ಜಿಯನ್ನು ಕಳಿಸಿ, ಅಲ್ಲಿಂದ ಉತ್ತರ ಬಂದ ಮೇಲೆ ಕಿಟಕಿ ತೆರೆಯಹೊರಟರೆ, ಅಷ್ಟರಲ್ಲಿ ಆ ಪುಣ್ಯ ಕ್ಷೀಣಿಸಿರುತ್ತದೆ. ಉಳಿದ ದಿನಗಳಲ್ಲಿ ಉತ್ತರ ಬೇಗ ಬರುವುದರಿಂದ ಕಿಟಕಿಯೂ ತೆರೆಯುತ್ತದೆ. ಕಡೆಯ ದಿನ ನಾಡಿನ ಮಕ್ಕಳೆಲ್ಲ ಒಟ್ಟಿಗೆ ಮುಗಿಬಿದ್ದು ಉತ್ತರ ತಡವಾಗುವುದರಿಂದ ತೆರೆಯುವುದಿಲ್ಲ. ಎಂದರೆ, ಯಾವ ದಿನ ಬಾಗಿಲು ತೆರೆದಿರಬೇಕೋ ಅದೇ ದಿನ ಕಾವಲುಗಾರ ಕಟ್ಟುನಿಟ್ಟು. ಇದು ಯಾರ ಹಠವೂ ಅಲ್ಲ, ಸೆಕೆಂಡುಗಳ ಲೆಕ್ಕ. ಆದರೂ ಸರ್ಕಾರಿ ಸೈಟುಗಳನ್ನು ಬರೆಯುವವರು ಸ್ವೀಕೃತಿಯನ್ನು ಅದೇ ಪುಟದಲ್ಲಿಯೇ ತೋರಿಸಬಾರದೇ? ಅದಕ್ಕೆ ಕಾಸು ಹೆಚ್ಚಿಗೆ ಖರ್ಚಾಗುವುದಿಲ್ಲ. ಬಡ ಹುಡುಗನ ಒಂದು ವರ್ಷ ಕಿಟಕಿಯ ಮೇಲೆ ನಿಲ್ಲಬಾರದು.

ಅಂಥ ಹೊತ್ತಿನಲ್ಲಿ ಅನೇಕರು ಸಿಟ್ಟಿನಿಂದ ಕೀಲಿಯನ್ನೇ ಪೂರ್ತಿ ತಿರುಗಿಸಿ ಎಲ್ಲ ಪಾಪಪ್ಪಂದಿರಿಗೂ ಬಾಗಿಲು ತೆಗೆದುಬಿಡುತ್ತಾರೆ. ಪೇಟೆಯ ಸೈಬರ್ ಅಂಗಡಿಯೊಂದರಲ್ಲಿ ಈ ಸೇವೆಗೆ ಐವತ್ತು ರೂಪಾಯಿ ತೆಗೆದುಕೊಳ್ಳುವುದನ್ನು ಕಂಡಿದ್ದೇನೆ. ಮದುವೆಗೆ ಬಂದ ಒಬ್ಬ ನೆಂಟನನ್ನು ಒಳಗೆ ಬಿಡಲು ಕೋಟೆಯ ಗೋಡೆಯನ್ನೇ ಕೆಡವಬೇಕಾಗಿಲ್ಲ. ಮಿಂಚಿ ಮಾಯವಾಗುವ ಆ ಸಣ್ಣ ಸಾಲಿನಲ್ಲಿಯೇ ಯಾವಾಗಲೂ ತೋರಿಸು ಎಂಬರ್ಥದ ಮಾತಿರುತ್ತದೆ. ಅದನ್ನು ಒತ್ತಿದರೆ ಆ ಒಂದು ಸೈಟಿಗೆ ಮಾತ್ರ ಅನುಮತಿ; ಮಿಕ್ಕವರಿಗೆ ಕಾವಲು ಹಾಗೆಯೇ. ಕೆಲಸ ಮುಗಿದ ಮೇಲೆ ಅದೇ ಪಾಪ್‌ಅಪ್ ಸಾಲಿನ ಕೆಳಗಿರುವ ಪಟ್ಟಿಯಿಂದ ಹೆಸರನ್ನು ತೆಗೆಯಬಹುದು. ಐಫೋನಿನಲ್ಲಿ ಸಫಾರಿಯಾದರೆ ಕಿಟಕಿ ತೆರೆಯುವ ಮುನ್ನ ತಾನೇ ಬಾಯಿಬಿಟ್ಟು ಕೇಳುತ್ತದೆ. ನನ್ನ ಗೆಳೆಯ ಒತ್ತಿದ. ಸ್ವೀಕೃತಿ ಪತ್ರ ಬಂತು. ಅವನು ಹಾಸಿಗೆಯ ಮೇಲೆ ಅಂಗಾತ ಬಿದ್ದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಅರ್ಥಶಾಸ್ತ್ರದ ಹುಡುಗರ ಜೊತೆ ಈ ವಿಷಯವಾಗಿ ನಡೆದ ಜಗಳವೊಂದಿದೆ. "ಪಾಪಪ್ಪನಿಲ್ಲದಿದ್ದರೆ ನೀನು ಪುಕ್ಕಟೆಯಾಗಿ ಪತ್ರಿಕೆ ಓದುವುದು ಹೇಗಯ್ಯಾ? ಬರೆಯುವವನ ಸಂಬಳವನ್ನು ನಿನ್ನ ಸೋದರತ್ತೆ ಕೊಡುತ್ತಾರೆಯೇ?" ಎಂದು ಒಬ್ಬ ಕೇಳಿದ. ಪ್ರಶ್ನೆ ನ್ಯಾಯವಾದುದೇ. ಜಾಹೀರಾತಿನ ಮೇಲೆ ನನಗೆ ಹಗೆಯಿಲ್ಲ. ನಮ್ಮ ಈ ವಾರ್ಷಿಕ ಸಂಚಿಕೆಯ ಕೊನೆಯ ಪುಟಗಳಲ್ಲಿಯೇ ಬಟ್ಟೆಯ ಅಂಗಡಿ, ಫೋಟೋ ಸ್ಟುಡಿಯೋ, ಮಿಠಾಯಿ ಅಂಗಡಿಯವರ ಶುಭಾಶಯಗಳಿರುತ್ತವೆ; ಅವರು ಕೊಟ್ಟ ಹಣದಿಂದಲೇ ಕಾಗದ ಬರುತ್ತದೆ. ಕಥೆ ಓದಿ ಬೇಸರವಾದರೆ ನಾನು ಆ ಪುಟಗಳನ್ನು ಸಂತೋಷದಿಂದಲೇ ನೋಡುತ್ತೇನೆ. ಆದರೆ ಮಿಠಾಯಿ ಅಂಗಡಿಯವರು ಪ್ರಾಂಶುಪಾಲರ ಸಂದೇಶದ ನಡುವೆ ಪುಟ ಹರಿದುಕೊಂಡು ಹೊರಗೆ ಬರುವುದಿಲ್ಲ. ಗೋಡೆಯ ಮೇಲೆ ಬರೆದುಕೊಳ್ಳುವವನಿಗೂ ಅಂಗಿಯ ತೋಳು ಹಿಡಿದೆಳೆಯುವವನಿಗೂ ವ್ಯತ್ಯಾಸವುಂಟು. ವ್ಯಾಪಾರಸ್ಥರೂ ಇದನ್ನು ಕಾಲಕ್ರಮದಲ್ಲಿ ಒಪ್ಪಿಕೊಂಡಂತಿದೆ. ಫೋನಿನ ಪರದೆಯನ್ನೆಲ್ಲ ಮುಚ್ಚಿ ಕಾಡುವ ಪುಟಗಳನ್ನು ಹುಡುಕಾಟದ ಪಟ್ಟಿಯಲ್ಲಿ ಕೆಳಗಿಳಿಸುವ ಕ್ರಮವನ್ನು ಗೂಗಲ್ 2017ರ ಜನವರಿಯಲ್ಲಿ ಜಾರಿಗೆ ತಂದಿತು. 2018ರ ಫೆಬ್ರವರಿಯಿಂದ ಕ್ರೋಮ್ ಬ್ರೌಸರು ಮಿತಿಮೀರಿ ಕಾಡುವ ಸೈಟುಗಳ ಜಾಹೀರಾತನ್ನೇ ಅಳಿಸತೊಡಗಿತು. ಜಾಹೀರಾತಿನಿಂದಲೇ ಬದುಕುವ ಕಂಪನಿ ಜಾಹೀರಾತಿಗೆ ಶಿಸ್ತು ಕಲಿಸುವುದರಲ್ಲಿ ಎಷ್ಟು ಧರ್ಮ, ಎಷ್ಟು ಲಾಭ ಎಂಬುದನ್ನು ಅರ್ಥಶಾಸ್ತ್ರದವರೇ ಲೆಕ್ಕ ಹಾಕಲಿ.

ನಮ್ಮ ದೇಶದಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿಯೊಂದನ್ನು ಹೊರಡಿಸಿ, ಪರದೆಯ ಮೇಲೆ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಬೇಡವೆಂದರೂ ಬಿಡದೆ ಪೀಡಿಸುವುದು ಅದರಲ್ಲಿ ಒಂದು. ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆಯೆಂದು ಹೆದರಿಸಿ ಹಣ ಕೀಳುವುದು ಇನ್ನೊಂದು. ಅತ್ತೆಯ ಕೆಂಪು ಪುಟ ಸರ್ಕಾರದ ಪಟ್ಟಿಯಲ್ಲಿಯೇ ಇದೆ ಎಂದು ತಿಳಿದಾಗ ನನಗೆ ಒಂದು ಬಗೆಯ ತೃಪ್ತಿಯಾಯಿತು. ಹೆದರಿ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬಹುದು. ಕಾನೂನಿನ ಕೈ ಪಾಪಪ್ಪನ ಏಜೆಂಟರ ಏಜೆಂಟನವರೆಗೆ ಎಂದಿಗೆ ಮುಟ್ಟುತ್ತದೋ, ಅಷ್ಟರವರೆಗೆ ಮೂರು ಚುಕ್ಕಿಗಳೇ ಗತಿ.

ವಿದ್ಯಾರ್ಥಿನಿಲಯದಲ್ಲಿ ಈಗ ನಮ್ಮ ಹನ್ನೊಂದನೆಯ ನಂಬರಿನ ಕೋಣೆಗೆ ಒಂದು ಕೀರ್ತಿ ಬಂದಿದೆ. ಪರೀಕ್ಷಾ ಶುಲ್ಕ ಕಟ್ಟುವ ವಾರದಲ್ಲಿ ರಸೀದಿ ತೆರೆಯದವರು, ಬ್ಯಾಂಕಿನ ಪುಟ ಬಾರದವರು, ನಡುರಾತ್ರಿ ಟಿಣ್ ಎನ್ನುವ ಫೋನಿನವರು ಬಾಗಿಲ ಮುಂದೆ ಸಾಲುಗಟ್ಟುತ್ತಾರೆ. ರಸೀದಿಯ ಕಿಟಕಿಗೆ ಅನುಮತಿ ಕೊಡುವುದು ನನ್ನ ಕೆಲಸ. ಅಧಿಸೂಚನೆಯ ಪಟ್ಟಿಯಲ್ಲಿ ಹೆಸರು ಹೊಡೆಯುವುದು ನನ್ನ ಗೆಳೆಯನದು, ಅವನಿಗೆ ಅದರಲ್ಲಿ ವಿಶೇಷ ಉತ್ಸಾಹ. ಇದುವರೆಗಿನ ದಾಖಲೆ ಇತಿಹಾಸ ವಿಭಾಗದ ಹುಡುಗನೊಬ್ಬನದು: 61 ಹೆಸರು. ಶುಲ್ಕ ತೆಗೆದುಕೊಳ್ಳುವುದಿಲ್ಲ. ಹೊರಗಿನ ಕ್ಯಾಂಟೀನಿನಿಂದ ಎರಡು ಲೋಟ ಚಹಾ ತಂದುಕೊಡಬೇಕು, ಬಾಗಿಲನ್ನು ತಟ್ಟಿ ಒಳಗೆ ಬರಬೇಕು.